ನೀರಿನ ಲೆಕ್ಕ: ಇಟಲಿಯ ಹಳೆಯ ಸಸ್ಯಾಹಾರಿ ಅಡುಗೆಗಳು

(ಉಪನ್ಯಾಸದ ಬರಹ ರೂಪ)

150 ಗ್ರಾಂ ಕಡಲೆಹಿಟ್ಟು, 450 ಮಿ.ಲೀ. ನೀರು, 5 ಗ್ರಾಂ ಉಪ್ಪು, 50 ಮಿ.ಲೀ. ಆಲಿವ್ ಎಣ್ಣೆ. ಇಟಲಿಯ ವಾಯವ್ಯ ಕರಾವಳಿಯ ಲಿಗೂರಿಯದಲ್ಲಿ ಈ ನಾಲ್ಕೇ ಸಾಮಾನಿನಿಂದ ಫರಿನಾತ ಎಂಬ ತೆಳು ರೊಟ್ಟಿ ಮಾಡುತ್ತಾರೆ. ಪಕ್ಕದ ತೊಸ್ಕಾನದಲ್ಲಿ ಅದಕ್ಕೇ ಚೆಚೀನ ಅನ್ನುತ್ತಾರೆ. ನಮ್ಮಲ್ಲಿ ಯಾರ ಮನೆಯಲ್ಲಾದರೂ ಇವತ್ತು ರಾತ್ರಿ ಕಲಸಿಟ್ಟು ನಾಳೆ ಬೆಳಿಗ್ಗೆ ಬೇಯಿಸಬಹುದು. ಆದರೂ ಮೊದಲ ಸಲ ಮಾಡಿದವರಲ್ಲಿ ಹೆಚ್ಚಿನವರು ಕೆಡಿಸಿಕೊಳ್ಳುತ್ತಾರೆ, ಅದೂ ನೀರಿನ ಲೆಕ್ಕದಲ್ಲಿ. ಇವತ್ತಿನ ಮಾತೆಲ್ಲ ಈ ಲೆಕ್ಕದ ಸುತ್ತಲೇ. ಎಲ್ಲಿ ನೀರು ಕುಡಿಸಬೇಕು, ಎಲ್ಲಿಂದ ನೀರು ತೆಗೆಯಬೇಕು, ಯಾವ ನೀರನ್ನು ಚೆಲ್ಲದೆ ಇಟ್ಟುಕೊಳ್ಳಬೇಕು ಅನ್ನುವುದು ಹಿಡಿತಕ್ಕೆ ಸಿಕ್ಕರೆ ಇಟಲಿಯ ಸಸ್ಯಾಹಾರಿ ಅಡುಗೆಯಲ್ಲಿ ಮುಕ್ಕಾಲು ಪಾಲು ಕಲಿತ ಹಾಗೆ.

ಹಿಟ್ಟಿನ ಮೂರು ಪಟ್ಟು ನೀರು ಅನ್ನುವುದು ತೂಕದ ಮಾತು, ಲೋಟದ್ದಲ್ಲ. ಒಂದು ಲೋಟ ಕಡಲೆಹಿಟ್ಟು ಅದೇ ಲೋಟದ ನೀರಿನ ಅರ್ಧದಷ್ಟೂ ತೂಗುವುದಿಲ್ಲ. ಹಾಗಾಗಿ ಒಂದು ಲೋಟ ಹಿಟ್ಟಿಗೆ ಮೂರು ಲೋಟ ನೀರು ಸುರಿದರೆ ಆಗುವುದು ಸಾರು. ತಕ್ಕಡಿ ಇಲ್ಲದಿದ್ದರೆ ಈ ಅಡುಗೆಗೆ ಕೈ ಹಾಕದಿರುವುದೇ ಒಳ್ಳೆಯದು.

ಹಿಟ್ಟಿಗೆ ಮೊದಲು ಮೂರನೇ ಒಂದು ಪಾಲು ನೀರು ಹಾಕಿ, ಗಂಟಿಲ್ಲದ ಹಾಗೆ ಬಜ್ಜಿ ಹಿಟ್ಟಿನ ಹದಕ್ಕೆ ಕಲಸಿ. ಉಳಿದ ನೀರನ್ನು ಆಮೇಲೆ ಸೇರಿಸಿ. ಎಲ್ಲ ನೀರನ್ನೂ ಒಟ್ಟಿಗೆ ಸುರಿದರೆ ಗಂಟುಗಳು ತೇಲುತ್ತಲೇ ಇರುತ್ತವೆ, ಒಡೆಯುವುದಿಲ್ಲ. ಮುಚ್ಚಿ ಕನಿಷ್ಠ 4 ಗಂಟೆ ಬಿಡಿ, 8 ಗಂಟೆಯಾದರೆ ಇನ್ನೂ ಒಳ್ಳೆಯದು. ಮಂಗಳೂರು, ರಾಯಚೂರಿನ ಸೆಕೆಯಲ್ಲಿ ಫ್ರಿಜ್‌ನಲ್ಲೇ ಇಡಬೇಕು, ಇಲ್ಲವಾದರೆ ಹುಳಿ ಬರುತ್ತದೆ. ಇದು ದೋಸೆಯಲ್ಲ, ಹುಳಿ ಬರಬಾರದು. ನೆನೆಯುವಾಗ ಹಿಟ್ಟಿನ ಕಣಗಳು ನೀರು ಕುಡಿದು ಉಬ್ಬುತ್ತವೆ, ಹಸಿ ವಾಸನೆ ಕಡಿಮೆಯಾಗುತ್ತದೆ. ಮೇಲೆ ಕಟ್ಟಿದ ನೊರೆಯನ್ನು ಸೌಟಿನಿಂದ ಪೂರ್ತಿ ತೆಗೆಯಿರಿ. ಒಲೆಯಲ್ಲಿ ಎಲ್ಲಕ್ಕಿಂತ ಮೊದಲು ಕರಕಾಗಿ ಕಹಿಯಾಗುವುದು ಆ ನೊರೆಯೇ.

ಓವನ್ನನ್ನು 250 ಡಿಗ್ರಿಗೆ ಇಟ್ಟು, 32 ಸೆಂ.ಮೀ. ಅಗಲದ ತಟ್ಟೆಯನ್ನು ಒಳಗಿಟ್ಟೇ 20 ನಿಮಿಷ ಕಾಯಿಸಿ. ಜೆನೊವಾದ ಅಂಗಡಿಗಳಲ್ಲಿ ಕಲಾಯಿ ಹಾಕಿದ ದೊಡ್ಡ ತಾಮ್ರದ ತಟ್ಟೆ, ಸೌದೆ ಒಲೆ. ಮನೆಯಲ್ಲಿ ಅಂಚಿರುವ ಕಬ್ಬಿಣದ ಕಾವಲಿ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ತೆಳು ಅಲ್ಯೂಮಿನಿಯಂ ಬೇಡ, ಅಂಟಿಕೊಳ್ಳುತ್ತದೆ. ಎಣ್ಣೆಯನ್ನು ಹಿಟ್ಟಿಗೆ ಬೆರೆಸುವುದಲ್ಲ, ಕಾದ ತಟ್ಟೆಗೆ ಹಾಕಿ. ಅದರ ಮೇಲೆ ಉಪ್ಪು ಸೇರಿಸಿದ ಹಿಟ್ಟನ್ನು ಹುಯ್ಯಿರಿ. ಎಣ್ಣೆ ಮೇಲೆದ್ದು ಬರುತ್ತದೆ, ಮರದ ಸೌಟಿನಿಂದ ಒಮ್ಮೆ ಹಗುರವಾಗಿ ಆಡಿಸಿ. ಕೆಳಗಿನ ಅಂತಸ್ತಿನಲ್ಲಿ 10 ನಿಮಿಷ, ಮೇಲಿನದರಲ್ಲಿ 10ರಿಂದ 15 ನಿಮಿಷ. ಬೆಂದ ಮೇಲೆ ದಪ್ಪ ಅರ್ಧ ಸೆಂಟಿಮೀಟರ್ ಚಿಲ್ಲರೆ ಇರಬೇಕು. ಮೇಲೆ ಕಂದು ಕಲೆಗಳು, ಒಳಗೆ ಗಟ್ಟಿ ಮೊಸರಿನಂಥ ಮೆತ್ತಗು. ದಪ್ಪವಾದರೆ ನಡುವೆ ಹಸಿ ಹಿಟ್ಟು, ತೆಳುವಾದರೆ ಹಪ್ಪಳ. ಬಿಸಿಯಿರುವಾಗಲೇ ಕಾಳುಮೆಣಸು ಕುಟ್ಟಿ ಉದುರಿಸಿ ತಿನ್ನಬೇಕು. ಆರಿದ ಫರಿನಾತಕ್ಕೆ ರುಚಿಯಿಲ್ಲ.

ಅಲ್ಲಿಯ ಹಿಟ್ಟು ನಾವು ಕಾಬೂಲಿ ಕಡಲೆ ಅನ್ನುವ ಬಿಳಿ ಕಾಳಿನದು, ನಮ್ಮದು ಕಡಲೆಬೇಳೆಯದು. ಗಿರಣಿಯಲ್ಲಿ ಕಾಬೂಲಿ ಕಡಲೆ ಬೀಸಿಕೊಡುತ್ತಾರಾದರೆ ಅದೇ ಸರಿ. ಅಂಗಡಿಯ ಕಡಲೆಹಿಟ್ಟಾದರೆ ನೀರನ್ನು 400 ಮಿ.ಲೀ.ಗೆ ಇಳಿಸಿ ನೋಡಿ.

ಇದೇ ಹಿಟ್ಟು ಸಿಸಿಲಿ ದ್ವೀಪದ ಪಲೇರ್ಮೊದಲ್ಲಿ ಪನೆಲ್ಲೆ ಆಗುತ್ತದೆ. ಅಲ್ಲೂ ಒಂದಕ್ಕೆ ಮೂರೇ ನೀರು, ಆದರೆ ಒಲೆಯ ಮೇಲೆ ಅರ್ಧ ಗಂಟೆ ಕೈ ಬಿಡದೆ ತಿರುವಿ, ಪಾರ್ಸ್ಲಿ ಸೊಪ್ಪು ಹಾಕಿ, ತಟ್ಟೆಗೆ ತೆಳ್ಳಗೆ ಬಳಿದು, ಆರಿದ ಮೇಲೆ ಕತ್ತರಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ಎಳ್ಳು ಹಾಕಿದ ಬನ್ನಿನೊಳಗೆ ಇಟ್ಟು, ನಿಂಬೆಹುಳಿ ಹಿಂಡಿ ಬೀದಿಯಲ್ಲಿ ಮಾರುತ್ತಾರೆ. ಉತ್ತರ ಕರ್ನಾಟಕದವರಿಗೆ ಜುಣಕದ ವಡಿ ನೆನಪಾಗಿರಬೇಕು. ವಡಿ ತಟ್ಟಿ ರೂಢಿಯಿದ್ದವರಿಗೆ ಪನೆಲ್ಲೆಯ ಹದ ಹೇಳಿಕೊಡಬೇಕಾಗಿಲ್ಲ: ಹಿಟ್ಟು ಪಾತ್ರೆಯ ಅಂಚು ಬಿಟ್ಟು ಸೌಟಿನ ಜೊತೆ ತಿರುಗಬೇಕು. ಅದಕ್ಕೆ ಮೊದಲೇ ಇಳಿಸಿದರೆ ಕರಿಯುವಾಗ ತುಂಡು ಒಡೆದು ಎಣ್ಣೆಯೆಲ್ಲ ಕೆಡುತ್ತದೆ.

ಇಟಲಿಯಲ್ಲಿ ಇಷ್ಟೊಂದು ಸಸ್ಯಾಹಾರಿ ಅಡುಗೆ ಹುಟ್ಟಿದ್ದಕ್ಕೆ ಅಹಿಂಸೆ ಕಾರಣವಲ್ಲ. ಒಂದು ಕಾರಣ ಬಡತನ, ಇನ್ನೊಂದು ಚರ್ಚಿನ ಉಪವಾಸ. ಶುಕ್ರವಾರಗಳಲ್ಲಿ, ಈಸ್ಟರ್‌ಗೆ ಮುಂಚಿನ 40 ದಿನಗಳಲ್ಲಿ ಮಾಂಸ ಕೂಡದು ಎಂಬ ನಿಯಮವಿತ್ತು. ಆ ದಿನಗಳ ಅಡುಗೆಗೆ ‘ದಿ ಮಾಗ್ರೊ’ ಎಂದು ಹೆಸರು. ರಿಕೊತ್ತ ಎಂಬ ಮೆದು ಚೀಸ್ ಮತ್ತು ಸೊಪ್ಪು ತುಂಬಿದ ರವಿಯೋಲಿ ಪಾಸ್ತಾ ಹಾಗೆ ಬಂದದ್ದು. ಆದರೆ ಉಪವಾಸಕ್ಕೆ ಮೀನು ನಡೆಯುತ್ತಿತ್ತು. ಹಾಗಾಗಿ ‘ಮಾಗ್ರೊ’ ಎಂದು ಬರೆದದ್ದೆಲ್ಲ ನಮ್ಮ ಅರ್ಥದ ಸಸ್ಯಾಹಾರವಲ್ಲ. ಸೊಪ್ಪಿನ ಪಲ್ಯದೊಳಗೂ ಅಂಚೋವಿ ಎಂಬ ಸಣ್ಣ ಮೀನು ಕರಗಿ ಹೋಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕೇಸರಿ ಹಾಕಿದ ಮಿಲಾನಿನ ರಿಸೊತ್ತೊ ನೋಡಲು ನಮ್ಮ ಚಿತ್ರಾನ್ನದಷ್ಟು ಸಾಧು, ಆದರೆ ಸಾಂಪ್ರದಾಯಿಕ ಪಾಕದಲ್ಲಿ ದನದ ಮೂಳೆಯ ಮಜ್ಜೆ, ಮಾಂಸದ ಸಾರು ಎರಡೂ ಇವೆ. ಇದರ ಉಲ್ಟಾ ‘ಮರಿನಾರ’. ಹೆಸರಿನಲ್ಲಿ ನಾವಿಕರಿದ್ದಾರೆ, ಪಾತ್ರೆಯಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ.

ಮೊಟ್ಟೆ ತಿನ್ನದವರಿಗೆ ಒಂದು ಸುಲಭದ ಸೂತ್ರವಿದೆ. ಉತ್ತರದ ಎಮಿಲಿಯ ಕಡೆಯ ಹಸಿ ಪಾಸ್ತಾಕ್ಕೆ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ದಕ್ಷಿಣದ್ದು ಡ್ಯೂರಮ್ ಗೋಧಿಯ ರವೆ ಮತ್ತು ನೀರು: ಒರೆಕ್ಕಿಯೆತ್ತೆ, ಕವತೆಲ್ಲಿ ಎಲ್ಲ ಹೀಗೆ. ಪೊಟ್ಟಣದ ಒಣ ಪಾಸ್ತಾ ಕೂಡ ಸಾಮಾನ್ಯವಾಗಿ ಮೊಟ್ಟೆಯಿಲ್ಲದ್ದೇ. ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯಿಂದಲೇ ಮಾಡಬೇಕು ಎಂದು ಇಟಲಿಯಲ್ಲಿ 1967ರಿಂದ ಕಾನೂನೇ ಇದೆ.

‘ಬಡವರ ಅಡುಗೆ’ ಅನ್ನುವ ಹೆಸರು ಈಗ ದುಬಾರಿ ಹೋಟೆಲುಗಳ ಮೆನುವಿನಲ್ಲಿ ಮೆರೆಯುತ್ತಿದೆ. ಅದರ ಇನ್ನೊಂದು ಮುಖವನ್ನೂ ಹೇಳಬೇಕು. 18 ಮತ್ತು 19ನೇ ಶತಮಾನಗಳಲ್ಲಿ ಉತ್ತರ ಇಟಲಿಯ ವೆನೆತೊ, ಲೊಂಬಾರ್ದಿಯದ ರೈತರು ಮೂರು ಹೊತ್ತೂ ಪೊಲೆಂತ ಎಂಬ ಮೆಕ್ಕೆಜೋಳದ ಮುದ್ದೆಯನ್ನೇ ತಿಂದು ಪೆಲಾಗ್ರ ರೋಗಕ್ಕೆ ತುತ್ತಾದರು. ಚರ್ಮ ಸುಲಿದು, ಬುದ್ಧಿ ಭ್ರಮಿಸಿ ಸತ್ತರು. ಮೆಕ್ಕೆಜೋಳದ ನಯಾಸಿನ್ ಜೀವಸತ್ವ ದೇಹಕ್ಕೆ ದಕ್ಕಬೇಕಾದರೆ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಬೇಕು. ಮೆಕ್ಸಿಕೊದ ಮೂಲನಿವಾಸಿಗಳು ಹಾಗೆಯೇ ಮಾಡುತ್ತಿದ್ದರು. ಯುರೋಪಿಗೆ ಕಾಳು ಬಂತು, ಸುಣ್ಣದ ನೀರಿನ ತಿಳಿವಳಿಕೆ ಬರಲಿಲ್ಲ.

ಇನ್ನು ಚೀಸ್. ನಮ್ಮಲ್ಲಿ ಬಹಳ ಮಂದಿ ‘ಹಾಲಿನದ್ದು ತಾನೇ’ ಅಂದುಕೊಂಡು ಬಿಡುತ್ತಾರೆ. ಹಾಲನ್ನು ಗಡ್ಡೆ ಕಟ್ಟಿಸುವ ರೆನೆಟ್ ಎಲ್ಲಿಂದ ಬಂತು ಅನ್ನುವುದು ಪ್ರಶ್ನೆ. ಪಾರ್ಮಿಜಾನೊ ರೆಜ್ಜಾನೊ, ಗ್ರಾನ ಪದಾನೊ ಎರಡಕ್ಕೂ ಎಳೆಗರುವಿನ ಹೊಟ್ಟೆಯ ರೆನೆಟ್. ಪೆಕೊರೀನೊ ರೊಮಾನೊಗೆ ಕುರಿಮರಿಯದು. ಇದು ಮಾಡುವವರ ಇಷ್ಟಕ್ಕೆ ಬಿಟ್ಟದ್ದಲ್ಲ, ಆ ಹೆಸರಿನ ರಕ್ಷಣೆಯ ನಿಯಮದಲ್ಲೇ ಬರೆದಿದೆ. ಆದ್ದರಿಂದ ‘ಸಸ್ಯಾಹಾರಿ ಪಾರ್ಮಿಜಾನೊ ರೆಜ್ಜಾನೊ’ ಎಂಬುದು ಇಲ್ಲ. ಭಾರತದಲ್ಲಿ ತಯಾರಾದ ಚೀಸ್ ಆದರೆ ಹಸಿರು ಚುಕ್ಕೆ ನೋಡಿ. ಯುರೋಪಿನಲ್ಲಿರುವವರು ಲೇಬಲ್ಲಿನಲ್ಲಿ ‘ಕಾಲ್ಯೊ ವೆಜೆತಾಲೆ’ ಅಥವಾ ‘ಕಾಲ್ಯೊ ಮಿಕ್ರೊಬಿಕೊ’ ಎಂದಿದೆಯೇ ಹುಡುಕಿ. ಬರೀ ‘ಕಾಲ್ಯೊ’, ಅಂದರೆ ರೆನೆಟ್, ಎಂದಿದ್ದರೆ ಪ್ರಾಣಿಯದೇ ಅಂದುಕೊಳ್ಳುವುದು ಕ್ಷೇಮ. ಹೂವಿನಿಂದ ಹಾಲು ಒಡೆಸುವ ವಿದ್ಯೆ ಅವರಿಗೆ ಹೊಸದೇನಲ್ಲ. ಕಾಡು ಮುಳ್ಳುಗಿಡದ ಹೂವಿನಿಂದ ಹಾಲು ಗಡ್ಡೆ ಕಟ್ಟಿಸಬಹುದೆಂದು ಒಂದನೇ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ್ಲ ಬರೆದಿದ್ದಾನೆ. ರೋಮಿನ ಸುತ್ತಲ ಹಳ್ಳಿಗಳಲ್ಲಿ ಹಾಗೆ ಮಾಡಿದ ಕಾಚೊಫಿಯೋರೆ ಎಂಬ ಕುರಿಹಾಲಿನ ಚೀಸ್ ಈಗಲೂ ಸಿಗುತ್ತದೆ.

ಕಡಲೆಹಿಟ್ಟಿಗೆ ನೀರು ಕುಡಿಸಿದ್ದಾಯಿತು. ಬದನೆಕಾಯಿಯಿಂದ ನೀರು ತೆಗೆಯಬೇಕು. ಬದನೆ ನಮ್ಮ ಕಡೆಯಿಂದಲೇ ಹೊರಟ ತರಕಾರಿ. ಅರಬರ ಜೊತೆ ಸಿಸಿಲಿಗೆ ಹೋಯಿತು. ಅರಬರು ‘ಬಾದಿಂಜಾನ್’ ಅಂದದ್ದು ಇಟಲಿಯಲ್ಲಿ ‘ಮೆಲಂತ್ಸಾನ’ ಆಯಿತು. ಅದನ್ನು ‘ಮೇಲ ಇನ್ಸಾನ’, ಅಂದರೆ ಹುಚ್ಚು ಸೇಬು, ಎಂದು ಒಡೆದು ಓದಿ ತಿನ್ನಲು ಹೆದರಿದವರೂ ಇದ್ದರು.

ಪಾರ್ಮಿಜಾನ ದಿ ಮೆಲಂತ್ಸಾನೆ, ಅಂದರೆ ಪದರ ಪದರವಾಗಿ ಜೋಡಿಸಿ ಓವನ್ನಿನಲ್ಲಿ ಬೇಯಿಸಿದ ಬದನೆ, ಆರು ಜನಕ್ಕೆ: ಒಂದೂವರೆ ಕಿಲೊ ದೊಡ್ಡ ನೇರಳೆ ಬದನೆ, 2 ಕಿಲೊ ಟೊಮೆಟೊ, 400 ಗ್ರಾಂ ಹಸಿ ಮೊತ್ಸರೆಲ್ಲ, 120 ಗ್ರಾಂ ತುರಿದ ಗಟ್ಟಿ ಚೀಸ್, ಒಂದು ಹಿಡಿ ಬೆಸಿಲ್ ಎಲೆ. ಮಟ್ಟುಗುಳ್ಳ ಇದಕ್ಕೆ ಬೇಡ. ಅದು ಹುಳಿ ಸಾಂಬಾರಿನ ರಾಜ, ಇಲ್ಲಿ ಬಿಲ್ಲೆಯಾಗಿ ನಿಲ್ಲುವುದಿಲ್ಲ. ಬದನೆಯನ್ನು 6 ಮಿ.ಮೀ. ದಪ್ಪ ಉದ್ದುದ್ದ ಕೊಯ್ದು, ಕಿಲೊಗೆ 15 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಉದುರಿಸಿ, ತೂತಿನ ಪಾತ್ರೆಯಲ್ಲಿ ಪೇರಿಸಿ, ಮೇಲೆ ಭಾರವಿಟ್ಟು ಒಂದು ಗಂಟೆ ಬಿಡಿ. ಕಹಿ ಹೋಗಲಿ ಅಂತ ಉಪ್ಪು ಎಂದು ಎಲ್ಲರೂ ಹೇಳುತ್ತಾರೆ. ಇವತ್ತಿನ ತಳಿಗಳಲ್ಲಿ ಕಹಿ ಅಷ್ಟಾಗಿ ಇಲ್ಲ. ನಿಜವಾದ ಕೆಲಸ ಬೇರೆ: ಬದನೆಯ ತಿರುಳು ಗಾಳಿ ತುಂಬಿದ ಸ್ಪಂಜು. ಉಪ್ಪು ನೀರನ್ನು ಎಳೆದಾಗ ಆ ಗೂಡುಗಳು ಕುಸಿಯುತ್ತವೆ, ಎಣ್ಣೆ ಕುಡಿಯಲು ಜಾಗ ಉಳಿಯುವುದಿಲ್ಲ. ಬಿಲ್ಲೆಗಳನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ. ಒದ್ದೆಯಾಗಿ ಎಣ್ಣೆಗೆ ಬಿಟ್ಟರೆ ಕಾವು ಇಳಿಯುತ್ತದೆ, ಇಳಿದ ಕಾವಿನಲ್ಲಿ ಬಿಲ್ಲೆ ಎಣ್ಣೆ ಹೀರುತ್ತದೆ. 175 ಡಿಗ್ರಿಯ ಆಸುಪಾಸು, ಒಂದು ಸಲಕ್ಕೆ ನಾಲ್ಕೈದು ಬಿಲ್ಲೆ. ಹೊಂಬಣ್ಣ ಬಂದ ಮೇಲೆ ಕಾಗದದ ಮೇಲೆ ಮಲಗಿಸುವುದಲ್ಲ, ತೂತಿನ ಪಾತ್ರೆಯಲ್ಲಿ ನೆಟ್ಟಗೆ ನಿಲ್ಲಿಸಿ ಒಂದೆರಡು ಗಂಟೆ ಬಿಡಿ. ಬಟ್ಟಲಿನಲ್ಲಿ ಇಳಿದ ಎಣ್ಣೆ ನೋಡಿದರೆ ಯಾಕೆಂದು ಗೊತ್ತಾಗುತ್ತದೆ.

ಮೊತ್ಸರೆಲ್ಲದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಕತ್ತರಿಸಿ ಜರಡಿಯಲ್ಲಿಟ್ಟು ಎರಡು ಮೂರು ಗಂಟೆ ಫ್ರಿಜ್‌ನಲ್ಲಿ ಬಸಿಯಬೇಕು. ನಮ್ಮಲ್ಲಿ ಸಿಗುವ ಪಿಜ್ಜಾ ಚೀಸಿನ ಗಟ್ಟಿ ಇಟ್ಟಿಗೆಯಲ್ಲಿ ಬಸಿಯುವಂಥ ನೀರಿಲ್ಲ, ಆದರೆ ರಬ್ಬರಿನ ಹಾಗೆ ಎಳೆಯುತ್ತದೆ. ಅದಾದರೆ 250 ಗ್ರಾಂ ಸಾಕು. ಪನೀರು ಕರಗುವುದಿಲ್ಲ, ಸುಮ್ಮನೆ ಹಾಕಬೇಡಿ. ಟೊಮೆಟೊ ಗೊಜ್ಜನ್ನು ಸೌಟಿನಿಂದ ಗೀರಿದರೆ ದಾರಿ ಉಳಿಯುವ ತನಕ ಕುದಿಸಿ. ನಮ್ಮ ಹೈಬ್ರಿಡ್ ಟೊಮೆಟೊದಲ್ಲಿ ತಿರುಳು ಕಡಿಮೆ, ಹಾಗಾಗಿ ಮುಕ್ಕಾಲು ಗಂಟೆಯಾದರೂ ಬೇಕು. ಬದನೆಯಲ್ಲಿ ಉಪ್ಪು ಉಳಿದಿರುತ್ತದೆ, ಚೀಸಿನಲ್ಲೂ ಇದೆ, ಗೊಜ್ಜಿಗೆ ಕೈ ಹಿಡಿದು ಹಾಕಿ. ತಳಕ್ಕೆ ಸ್ವಲ್ಪ ಗೊಜ್ಜು, ಆಮೇಲೆ ಬದನೆ, ಗೊಜ್ಜು, ಮೊತ್ಸರೆಲ್ಲ, ತುರಿ, ಎಲೆ. ಹೀಗೆ ಮೂರು ನಾಲ್ಕು ಪದರ. 190 ಡಿಗ್ರಿಯಲ್ಲಿ 40 ನಿಮಿಷ. ಹೊರತೆಗೆದ ಮೇಲೆ ಮುಟ್ಟದೆ 45 ನಿಮಿಷ ಬಿಡುವುದು ಪಾಕದ ಭಾಗವೇ. ಬಿಸಿಯಲ್ಲಿ ಕತ್ತರಿಸಿದರೆ ಪದರಗಳು ಜಾರಿ, ತಟ್ಟೆಯಲ್ಲಿ ಕೆಂಪು ನೀರು ನಿಲ್ಲುತ್ತದೆ.

ಸಿಸಿಲಿಯ ಕಪೊನಾತಕ್ಕೂ ಇದೇ ಕರಿದ ಬದನೆ, ಆದರೆ ಚೌಕ ಹೋಳು. ಒಂದು ಕಿಲೊ ಬದನೆಗೆ ಕುದಿನೀರಲ್ಲಿ ಬಾಡಿಸಿದ 250 ಗ್ರಾಂ ಸೆಲೆರಿ, ಒಂದು ಈರುಳ್ಳಿ, 100 ಗ್ರಾಂ ಹಸಿರು ಆಲಿವ್, ಉಪ್ಪು ತೊಳೆದ 50 ಗ್ರಾಂ ಕೇಪರ್ಸ್ ಮೊಗ್ಗು, 200 ಗ್ರಾಂ ಟೊಮೆಟೊ ಗೊಜ್ಜು, 60 ಮಿ.ಲೀ. ವಿನೆಗರ್, 40 ಗ್ರಾಂ ಸಕ್ಕರೆ. ನಮ್ಮ ಹುಣಸೆ-ಬೆಲ್ಲದ ಗೊಜ್ಜಿನ ಜಾತಿಯದೇ. ಮಾಡಿದ ದಿನ ವಿನೆಗರ್ ಮೂಗಿಗೆ ಬಡಿಯುತ್ತದೆ, ಮಾರನೆಯ ದಿನ ತಣ್ಣಗೆ ತಿಂದರೆ ಸರಿಹೋಗಿರುತ್ತದೆ.

ರೋಮಿನ ‘ಕಾಚೊ ಎ ಪೆಪೆ’ಯಲ್ಲಿ ಇರುವುದು ಪಾಸ್ತಾ, ಪೆಕೊರೀನೊ ರೊಮಾನೊ, ಕಾಳುಮೆಣಸು. ಮೆಣಸಂತೂ ನಮ್ಮ ಕರಾವಳಿ, ಮಲೆನಾಡಿನ ಸರಕು. 1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲ ವಾಲೆ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದಿದ್ದ. ಪೋರ್ಚುಗೀಸರಿಗೆ ಆ ಆಸ್ಥಾನದ ಜೊತೆ ಇದ್ದ ದೊಡ್ಡ ವ್ಯವಹಾರ ಮೆಣಸಿನದೇ. ಪೆಕೊರೀನೊಗೆ ಹೆಸರು ಮಾತ್ರ ರೋಮಿನದು, ತಯಾರಾಗುವುದು ಬಹುಪಾಲು ಸಾರ್ಡಿನಿಯ ದ್ವೀಪದಲ್ಲಿ.

ಮೂರೇ ಸಾಮಾನಾದರೂ ಇದರಷ್ಟು ಕೈಕೊಡುವ ಅಡುಗೆ ಇನ್ನೊಂದಿಲ್ಲ. ಚೀಸ್ 65 ಡಿಗ್ರಿ ದಾಟಿದರೆ ಅದರ ಪ್ರೋಟೀನು ಒಂದಕ್ಕೊಂದು ಅಂಟಿ ಗಂಟಾಗುತ್ತದೆ, ನೀರು ಬೇರೆ, ಮುದ್ದೆ ಬೇರೆ. ಅದನ್ನು ತಡೆಯುವುದು ಪಾಸ್ತಾ ಬೇಯಿಸಿದ ನೀರಿನ ಗಂಜಿ, ಅಂದರೆ ಪಿಷ್ಟ. ಅದಕ್ಕೇ ರೋಮಿನವರು ಈ ಅಡುಗೆಗೆ ನೀರು ಕಡಿಮೆ ಇಡುತ್ತಾರೆ: 100 ಗ್ರಾಂಗೆ ಒಂದು ಲೀಟರ್ ಅನ್ನುವ ವಾಡಿಕೆ ಬಿಟ್ಟು ಅರ್ಧ ಲೀಟರ್. ಬಸಿದ ನೀರನ್ನು ಚೆಲ್ಲುವಂತಿಲ್ಲ. ಇಟಲಿಯ ಭೌತವಿಜ್ಞಾನಿಗಳ ಗುಂಪೊಂದು ಇದರ ಮೇಲೆ ಸಂಶೋಧನೆ ಮಾಡಿ 2025ರಲ್ಲಿ ಪ್ರಕಟಿಸಿತು, ಅದೇ ವರ್ಷ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿಯೂ ಬಂತು. ಅವರ ಲೆಕ್ಕ: ಚೀಸಿನ ತೂಕದ ಶೇ. 2ರಿಂದ 3ರಷ್ಟು ಗಂಜಿ ಇದ್ದರೆ ಗಂಟಾಗುವುದಿಲ್ಲ, ಶೇ. 1ಕ್ಕಿಂತ ಕಡಿಮೆಯಾದರೆ ಆಗುತ್ತದೆ. ಪಾಸ್ತಾ ನೀರಿನಲ್ಲಿ ಗಂಜಿ ಎಷ್ಟಿದೆಯೆಂದು ಅಳೆಯಲಾಗದು, ಆದ್ದರಿಂದ ಹೊರಗಿನಿಂದ ಹಾಕಿ ಅನ್ನುತ್ತಾರೆ. ಇಬ್ಬರಿಗೆ 240 ಗ್ರಾಂ ಪಾಸ್ತಾ, 160 ಗ್ರಾಂ ಚೀಸ್. 4 ಗ್ರಾಂ ಮೆಕ್ಕೆಜೋಳದ ಗಂಜಿಪುಡಿಯನ್ನು, ಅಂದರೆ ಅಂಗಡಿಯ ಕಾರ್ನ್‌ಫ್ಲೋರನ್ನು, 40 ಗ್ರಾಂ ನೀರಿನಲ್ಲಿ ರಾಗಿ ಸರಿಯ ಹಾಗೆ ಕಾಯಿಸಿ, ಆರಿಸಿ, ಚೀಸಿನ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ. ಒಣ ಬಾಣಲೆಯಲ್ಲಿ ಬಿಸಿ ಮಾಡಿ ಜಜ್ಜಿದ ಮೆಣಸು ಸೇರಿಸಿ. ಪಾಸ್ತಾ ಬಸಿದು ಒಂದು ನಿಮಿಷ ಬಿಟ್ಟು, ಒಲೆಯಿಂದ ಕೆಳಗೆ ಇಳಿಸಿದ ಪಾತ್ರೆಯಲ್ಲಿ ಬೆರೆಸಿ, ಬೇಕಾದಷ್ಟು ಪಾಸ್ತಾ ನೀರು ಹನಿಸಿ ಸಡಿಲ ಮಾಡಿ. ರೋಮಿನ ಅಜ್ಜಿಯರು ಇದನ್ನು ಒಪ್ಪಲಾರರು, ಆದರೆ ಹಸಿರು ಚುಕ್ಕೆಯ ಗಟ್ಟಿ ಚೀಸಿನಲ್ಲಿ ಮಾಡುವವರಿಗೆ ಈ ದಾರಿಯೇ ಭದ್ರ. ಬೆಣ್ಣೆ, ಕೆನೆ ಸೇರಿಸಿದರೆ ಗಂಟೇನೋ ತಪ್ಪುತ್ತದೆ, ಮೆಣಸಿನ ಚುರುಕೂ ಹೋಗುತ್ತದೆ.

ಕರ್ನಾಟಕದವರಿಗೆ ಮಾತ್ರ ಅನುಕೂಲವಾಗುವ ಒಂದು ವಿಷಯ. ತೊಸ್ಕಾನದ ಗಾರ್ಫಾನ್ಯಾನ ಕಣಿವೆಯ ‘ಫಾರ್ರೊ’ ಸೂಪ್ ಹೆಸರುವಾಸಿ. ಆ ಫಾರ್ರೊ ಬೇರೇನಲ್ಲ, ಬೆಳಗಾವಿ, ಧಾರವಾಡ, ಬಾಗಲಕೋಟೆ ಕಡೆ ಹುಗ್ಗಿಗೆ ಹಾಕುವ ಜವೆ ಗೋಧಿಯ ಜಾತಿಯೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ ಸರಣಿಯ ತಳಿಗಳು ಇದೇ ಗೋಧಿಯವು. ಬೆಂಗಳೂರಿನ ದೊಡ್ಡ ಅಂಗಡಿಯಲ್ಲಿ ಆಮದಿನ ಫಾರ್ರೊ ಹುಡುಕುವ ಬದಲು ಕುಟ್ಟಿದ ಹುಗ್ಗಿ ಗೋಧಿ 150 ಗ್ರಾಂ ತಂದು ಒಂದು ಗಂಟೆ ನೆನೆಹಾಕಿ. 300 ಗ್ರಾಂ ಬಿಳಿ ರಾಜ್ಮಾ ಬೇಯಿಸಿ, ಮೂರರಲ್ಲಿ ಎರಡು ಪಾಲನ್ನು ಅರೆದು, ಈರುಳ್ಳಿ-ಗಜ್ಜರಿ-ಸೆಲೆರಿ ಒಗ್ಗರಣೆಗೆ ಸೇರಿಸಿ, ಆ ಗಟ್ಟಿ ರಸದಲ್ಲೇ ಗೋಧಿಯನ್ನು 40 ನಿಮಿಷ ಬೇಯಿಸಿ. ತಳ ಹಿಡಿಯುತ್ತದೆ, ಬಿಸಿನೀರು ಪಕ್ಕದಲ್ಲಿಟ್ಟುಕೊಳ್ಳಿ.

ಆ ಕಾಳಿನ ವಿಚಾರದಲ್ಲಿ ಎರಡು ಎಚ್ಚರಿಕೆ. ರಾಜ್ಮಾ ಜಾತಿಯ ಯಾವ ಕಾಳನ್ನೂ ನೆನೆಸಿದ ನೀರು ಚೆಲ್ಲಿ, 10 ನಿಮಿಷವಾದರೂ ಜೋರಾಗಿ ಕುದಿಸಲೇಬೇಕು. ಸಣ್ಣ ಉರಿಯಲ್ಲಿ ಮಾತ್ರ ಬೇಯಿಸಿದರೆ ಅದರಲ್ಲಿರುವ ಲೆಕ್ಟಿನ್ ವಿಷ ಹೋಗದೆ ವಾಂತಿ ಹಿಡಿಯುತ್ತದೆ. ಕುಕ್ಕರಿನಲ್ಲಿ ಈ ಭಯವಿಲ್ಲ. ಎರಡನೆಯದು, ಕಾಳು ಪೂರ್ತಿ ಮೆತ್ತಗಾಗುವ ಮುನ್ನ ಟೊಮೆಟೊ ಹಾಕಬೇಡಿ. ಹುಳಿ ಬಿದ್ದ ಕಾಳು ಬೇಯುವುದು ನಿಂತೇ ಹೋಗುತ್ತದೆ.

ಫ್ಲಾರೆನ್ಸ್ ಕಡೆಯ ರಿಬೊಲ್ಲೀತ ಎಂಬ ಬ್ರೆಡ್ಡಿನ ಸೂಪಿಗೂ ಇದೇ ಕಾಳು. ಹೆಸರಿನ ಅರ್ಥ ‘ಮತ್ತೆ ಕುದಿಸಿದ್ದು’. 300 ಗ್ರಾಂ ಕಾಳು, ಒಂದು ಕಿಲೊದಷ್ಟು ಸೊಪ್ಪು ಮತ್ತು ಎಲೆಕೋಸು, ಎರಡು ಆಲೂಗಡ್ಡೆ, ಒಗ್ಗರಣೆ ತರಕಾರಿ, 300 ಗ್ರಾಂ ಒಣಗಿದ ಬ್ರೆಡ್ಡು. ಅಲ್ಲಿ ಹಾಕುವ ಸೊಪ್ಪು ಕಾವೊಲೊ ನೇರೊ ಎಂಬ ಕಪ್ಪು ಛಾಯೆಯ ಕೇಲ್. ಸಿಗದಿದ್ದರೆ ನವಿಲುಕೋಸಿನ ಎಳೆ ಎಲೆ ಆಗುತ್ತದೆ, ಪಾಲಕ್ ಮಾತ್ರ ಬೇಡ, ಕರಗಿ ಲೋಳೆಯಾಗುತ್ತದೆ. ಇಲ್ಲಿ ಹೆಚ್ಚಿನವರು ಸೋಲುವುದು ಬ್ರೆಡ್ಡಿನಲ್ಲಿ. ತೊಸ್ಕಾನದ ಬ್ರೆಡ್ಡು ಹಿಟ್ಟು, ನೀರು, ಹುದುಗು ಅಷ್ಟೇ. ಉಪ್ಪೂ ಇಲ್ಲ. ಒಣಗಿದ್ದು ಸಾರು ಹೀರಿ ಉಬ್ಬಿದರೂ ಆಕಾರ ಬಿಡುವುದಿಲ್ಲ. ನಮ್ಮ ಬೇಕರಿಯ ಸ್ಯಾಂಡ್‌ವಿಚ್ ಬ್ರೆಡ್ಡಿನಲ್ಲಿ ಸಕ್ಕರೆ, ಕೊಬ್ಬು, ಮೆತ್ತಗಿರಿಸುವ ರಾಸಾಯನಿಕ ಎಲ್ಲ ಇರುವುದರಿಂದ ಎರಡೇ ನಿಮಿಷದಲ್ಲಿ ಮೈದಾ ಗೋಂದು. ಹಾಲು, ಸಕ್ಕರೆ ಇಲ್ಲದ, ಗಟ್ಟಿ ತೊಗಟೆಯ ಬ್ರೆಡ್ಡು ತಂದು ಹೋಳು ಮಾಡಿ ಎರಡು ದಿನ ಬಯಲಿನಲ್ಲಿ ಒಣಗಿಸಿ. ಮಳೆಗಾಲದಲ್ಲಿ ಬೂಸಲು ಬರುತ್ತದೆ, 100 ಡಿಗ್ರಿ ಓವನ್ನಿನಲ್ಲಿ ಒಂದು ಗಂಟೆ ಇಡಿ.

ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಮಾಡಬಹುದೇ ಎಂದು ಸಭೆಯಿಂದ ಒಂದು ಚೀಟಿ ಬಂದಿದೆ. ಫರಿನಾತ, ಪನೆಲ್ಲೆ, ಪೊಲೆಂತ, ಕಾಚೊ ಎ ಪೆಪೆಗಳಿಗೆ ಮೊದಲಿಂದಲೂ ಎರಡೂ ಬೇಡ. ಪಾರ್ಮಿಜಾನದ ಗೊಜ್ಜಿಗೆ ಬೆಸಿಲ್ ಒಂದೇ ಸಾಕು. ಪೆಸ್ತೊ ಎಂಬ ಬೆಸಿಲ್ ಚಟ್ನಿಯನ್ನು ಬೆಳ್ಳುಳ್ಳಿಯಿಲ್ಲದೆ ಲಿಗೂರಿಯದಲ್ಲೇ ಮಾರುತ್ತಾರೆ. ಕಪೊನಾತ, ರಿಬೊಲ್ಲೀತಗಳಿಗೆ ಮಾತ್ರ ಈರುಳ್ಳಿಯೇ ತಳಹದಿ, ಬಿಟ್ಟರೆ ಬೇರೆ ಅಡುಗೆಯಾಗುತ್ತದೆ. ಇಂಗು ಹಾಕಿದರೆ ತಪ್ಪೇ ಅಂದರೆ, ಪ್ರಾಚೀನ ರೋಮನ್ನರ ಅಡುಗೆಮನೆಯಲ್ಲಿ ಇಂಗು ಇತ್ತು. ಈಗಿನ ಇಟಲಿಯವರಿಗೆ ಅದು ಮರೆತಿದೆ, ಅಷ್ಟೇ.

ರಿಬೊಲ್ಲೀತದ ಮಾತು ಅರ್ಧಕ್ಕೆ ನಿಂತಿತು. ಮೊದಲ ದಿನ ಬ್ರೆಡ್ಡಿನ ಮೇಲೆ ಸಾರು ಹುಯ್ದು ತಣ್ಣಗಾಗಲು ಬಿಡುತ್ತಾರೆ. ಎರಡನೆಯ ದಿನ ಸಣ್ಣ ಉರಿಯಲ್ಲಿ ಮತ್ತೆ ಕುದಿಸಿ, ಹಸಿ ಆಲಿವ್ ಎಣ್ಣೆ ಹಾಕಿ ಬಡಿಸುತ್ತಾರೆ. ಚಮಚ ಅದರೊಳಗೆ ನೆಟ್ಟಗೆ ನಿಲ್ಲಬೇಕು. ಮೂರನೆಯ ದಿನಕ್ಕೆ ಉಳಿದರೆ ಕಬ್ಬಿಣದ ಬಾಣಲೆಗೆ ಎರಡು ಚಮಚ ಎಣ್ಣೆ ಹಾಕಿ, ಗಟ್ಟಿಯಾದದ್ದನ್ನು ರೊಟ್ಟಿಯ ಹಾಗೆ ತಟ್ಟಿ, ಕಲಕದೆ, ಸಣ್ಣ ಉರಿಯಲ್ಲಿ ತಳ ಕಂದಾಗಿ ತಾನಾಗಿಯೇ ಬಿಡುವ ತನಕ ಕಾಯಿರಿ. ಆಮೇಲೆ ಮಗುಚಿ.